ಅಮೀರ್‌ಪೇಟೆಯಲ್ಲಿ ನೆಟ್‌ವರ್ಕ್ ಕಲಿತ ಕಾಲ

ಕಂಪ್ಯೂಟರ್ ನೆಟ್‌ವರ್ಕಿನ ಮೊದಲ ಪಾಠಗಳನ್ನು ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ ಕಡೆಯ ಬಹಳಷ್ಟು ಹುಡುಗ ಹುಡುಗಿಯರು ಕಲಿತದ್ದು ಹೈದರಾಬಾದಿನ ಅಮೀರ್‌ಪೇಟೆಯಲ್ಲಿ. 1990ರ ದಶಕದ ಕೊನೆಗೆ ಶುರುವಾಗಿ ಮುಂದೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಮೈತ್ರಿವನಂ, ಆದಿತ್ಯ ಎನ್‌ಕ್ಲೇವ್ ಕಟ್ಟಡಗಳಲ್ಲಿ, ಸತ್ಯಂ ಥಿಯೇಟರ್ ಸುತ್ತಲಿನ ಗಲ್ಲಿಗಳಲ್ಲಿ ಬಾಡಿಗೆ ಕೋಣೆಗಳೇ ತರಗತಿಗಳಾಗಿದ್ದವು. ಈಗ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ಕಾಣುವ ಫಲಕಗಳಲ್ಲಿ ಕ್ಲೌಡ್, ಡೆವ್‌ಆಪ್ಸ್, ಡೇಟಾ ಸೈನ್ಸ್, ಎಐ ಎಂಬ ಹೆಸರುಗಳೇ ತುಂಬಿವೆ. ರೌಟರಿನ ಚಿತ್ರ ಬರೆಸಿದ ಬ್ಯಾನರು ಹುಡುಕಿದರೆ ಸಿಕ್ಕೀತು. ಈ ಫಲಕಗಳನ್ನು ಓದುತ್ತ ನಡೆದಾಗ ಹಳಬರ ಮನಸ್ಸಿನಲ್ಲಿ ಒಂದು ಲೆಕ್ಕ ತಾನಾಗಿ ಶುರುವಾಗುತ್ತದೆ: ಅಂದು ಕಲಿತದ್ದರಲ್ಲಿ ಹೋದದ್ದೇನು, ಉಳಿದದ್ದೇನು.

ಹೈದರಾಬಾದೇ ಏಕೆ ಎಂಬುದಕ್ಕೆ ಉತ್ತರ ಇಂಟರ್‌ನೆಟ್ಟಿಗಿಂತ ಹಳೆಯದು. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದಬೇಕೆಂದರೆ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ, ಕೋರ್ಟು ಕಚೇರಿ ಎಂದರೆ ಹೈದರಾಬಾದು, ದೊಡ್ಡ ಆಸ್ಪತ್ರೆ ಎಂದರೂ ಹೈದರಾಬಾದು. ಗಡಿ ಬದಲಾದರೂ ಬಸ್ಸು ರೈಲುಗಳ ದಾರಿ ಬದಲಾಗಲಿಲ್ಲ. ಬೀದರಿನಿಂದ ಬೆಂಗಳೂರಿಗೆ ಇಡೀ ರಾತ್ರಿಯ ಪ್ರಯಾಣ. ಹೈದರಾಬಾದಿಗೆ ಜಹೀರಾಬಾದ್ ಮಾರ್ಗವಾಗಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಸೇರಬಹುದು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ಕನ್ನಡ ಕುಟುಂಬಗಳೂ ಇದ್ದವು. ದಖನಿ ಉರ್ದು ಮೊದಲೇ ಬಾಯಲ್ಲಿರುತ್ತಿತ್ತು, ತೆಲುಗು ಒಂದೆರಡು ತಿಂಗಳಲ್ಲಿ ಬರುತ್ತಿತ್ತು. 1998ರ ನವೆಂಬರಿನಲ್ಲಿ ಪ್ರಧಾನಿ ವಾಜಪೇಯಿ ಸೈಬರ್ ಟವರ್ಸ್ ಉದ್ಘಾಟಿಸಿದ ಮೇಲೆ, ಅಜ್ಜಂದಿರು ಓದಲು ಹೋಗಿದ್ದ ಊರಿಗೆ ಮೊಮ್ಮಕ್ಕಳು ಕಂಪ್ಯೂಟರ್ ಕಲಿಯಲು ಹೊರಟರು. ಫೀಸು, ಹಾಸ್ಟೆಲ್ ಬಾಡಿಗೆ ಬಹಳ ಮನೆಗಳಲ್ಲಿ ತೊಗರಿ ಮಾರಿದ ದುಡ್ಡಿನಿಂದ ಬರುತ್ತಿತ್ತು. ಬೆಲೆ ಬಿದ್ದ ವರ್ಷ ಕೋರ್ಸು ಮುಂದಕ್ಕೆ ಹೋಗುತ್ತಿತ್ತು.

ಅವರು ಸೇರುತ್ತಿದ್ದ ಕೋರ್ಸಿನ ಹೆಸರು ಸಿಸಿಎನ್ಎ. ಸಿಸ್ಕೊ ಕಂಪನಿ 1998ರಲ್ಲಿ ಆರಂಭಿಸಿದ ಈ ಪರೀಕ್ಷೆ ಪಾಸಾದವರಿಗೆ ನೆಟ್‌ವರ್ಕ್ ಕೆಲಸದ ಮೊದಲ ಬಾಗಿಲು ತೆರೆಯುತ್ತಿತ್ತು. ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿಷಯ ಇರಲಿಲ್ಲವೆಂದಲ್ಲ. ಟ್ಯಾನೆನ್‌ಬಾಮ್, ಫೊರೌಜಾನ್ ಪುಸ್ತಕಗಳು ಲೈಬ್ರರಿಯಲ್ಲಿದ್ದವು, ಹತ್ತು ಅಂಕದ ಪ್ರಶ್ನೆಗೆ ಏಳು ಪದರಗಳ ಚಿತ್ರ ಬರೆಯುವುದು ಎಲ್ಲರಿಗೂ ಬರುತ್ತಿತ್ತು. ಆದರೆ ಅಂಥ ಎಷ್ಟೋ ಕಾಲೇಜುಗಳಲ್ಲಿ ರೌಟರನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಅಪರೂಪ. ಅಮೀರ್‌ಪೇಟೆಯಲ್ಲಿ ರೌಟರು ಇತ್ತು. ತರಗತಿಯ ಹಿಂದೆ ಗಾಜಿನ ಬಾಗಿಲ ಆಚೆ ಕಬ್ಬಿಣದ ರ‍್ಯಾಕು, ಅದರಲ್ಲಿ ಎಲ್ಲಿಂದಲೋ ಸೆಕೆಂಡ್‌ಹ್ಯಾಂಡ್ ಬಂದ 2500 ಸರಣಿಯ ರೌಟರುಗಳು, ಕೆಳಗೆ 1900 ಅಥವಾ 2950ರ ಸ್ವಿಚ್ಚು, ಸದಾ ಗುಂಯ್‌ಗುಡುವ ಫ್ಯಾನು. ಉಚಿತ ಡೆಮೊ ಕ್ಲಾಸಿಗೆ ಕೂತವರಿಗೆ ಕೊನೆಯಲ್ಲಿ ಆ ರ‍್ಯಾಕು ತೋರಿಸುತ್ತಿದ್ದರು. ಫೀಸು ಕಟ್ಟಲು ಅಷ್ಟು ಸಾಕಾಗುತ್ತಿತ್ತು.

ಕಲಿಸುವವರು ಸಾಮಾನ್ಯವಾಗಿ ಮೂವತ್ತರ ಆಸುಪಾಸಿನವರು. ಹಗಲು ಯಾವುದೋ ಕಂಪನಿಯಲ್ಲಿ ಕೆಲಸ, ಬೆಳಿಗ್ಗೆ ಏಳಕ್ಕೆ ಒಂದು ಬ್ಯಾಚು, ರಾತ್ರಿ ಎಂಟಕ್ಕೆ ಇನ್ನೊಂದು. ಅಂಥ ಒಬ್ಬರು ಕನ್ನಡದ ಹುಡುಗರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದ್ದಾರೆ. ಗುಂಟೂರು ಕಡೆಯವರು, ಇಂಗ್ಲಿಷಿನಲ್ಲಿ ವಾಕ್ಯ ಶುರುಮಾಡಿ ತೆಲುಗಿನಲ್ಲಿ ಮುಗಿಸುವವರು, ಬೋರ್ಡಿನ ಮೇಲೆ ಸೊನ್ನೆ ಒಂದುಗಳನ್ನು ಬರೆಯುವ ವೇಗಕ್ಕೆ ಮಾರ್ಕರು ಕಿರ್ರೆನ್ನುತ್ತಿತ್ತು. ಮುಂದಿನ ಸಾಲಿನಲ್ಲಿ ಅರ್ಥವಾಗದ ಮುಖ ಕಂಡರೆ ಪಾಠ ನಿಲ್ಲಿಸಿ, ಉರ್ದು ಬೆರೆಸಿ ಮತ್ತೆ ಹೇಳುತ್ತಿದ್ದರು. ಆ ಔದಾರ್ಯಕ್ಕೆ ಪಠ್ಯಕ್ರಮದಲ್ಲಿ ಸಮಯವಿರಲಿಲ್ಲ, ಅವರು ತಮ್ಮ ಊಟದ ಹೊತ್ತಿನಿಂದ ತೆಗೆದು ಕೊಡುತ್ತಿದ್ದರು.

ಪಾಠದ ಮೊದಲ ದಿನ ಪದರಗಳದ್ದು. ಐಎಸ್ಒ ಸಂಸ್ಥೆ 1984ರಲ್ಲಿ ಪ್ರಕಟಿಸಿದ ಓಎಸ್‌ಐ ಮಾದರಿಯಲ್ಲಿ ಏಳು ಪದರ: ತಂತಿಯ ಭೌತಿಕ ಪದರದಿಂದ ಮೇಲೆ ಬಳಕೆದಾರನ ಅಪ್ಲಿಕೇಶನ್ನಿನವರೆಗೆ. ಪ್ರತಿ ಪದರವೂ ತನ್ನ ಕೆಳಗಿನದರ ಸೇವೆ ಪಡೆದು ಮೇಲಿನದಕ್ಕೆ ಸೇವೆ ಕೊಡುತ್ತದೆ. ಕೆಳಗೆ ತಾಮ್ರದ ತಂತಿ ಇದೆಯೋ ಗಾಜಿನ ಎಳೆ ಇದೆಯೋ ಮೇಲಿನ ಪದರಕ್ಕೆ ಗೊತ್ತಿರಬೇಕಿಲ್ಲ. ನಿಜವಾದ ಇಂಟರ್‌ನೆಟ್ಟು ಕಟ್ಟಿಕೊಂಡದ್ದು ಮಾತ್ರ ಈ ಏಳು ಪದರಗಳ ಮೇಲಲ್ಲ. ವಿಂಟ್ ಸರ್ಫ್, ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದ ಟಿಸಿಪಿ/ಐಪಿ ಇನ್ನೂ ಸರಳವಾದದ್ದು. ಜಾನ್ ಪೋಸ್ಟೆಲ್ ಸಂಪಾದಿಸಿದ ಅದರ ದಾಖಲೆಗಳು, ಆರ್‌ಎಫ್‌ಸಿ 791 ಮತ್ತು 793, 1981ರ ಸೆಪ್ಟೆಂಬರಿನಲ್ಲಿ ಬಂದವು. 1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ಪ್ರೊಟೊಕಾಲು ಬಿಟ್ಟು ಇದಕ್ಕೆ ಬದಲಾಯಿತು. ಅಮೀರ್‌ಪೇಟೆಯಲ್ಲಿ ಈ ಇತಿಹಾಸಕ್ಕೆ ಹತ್ತು ನಿಮಿಷ, ಪದರಗಳಿಗೆ ಒಂದು ದಿನ. ‘ಇದು ಥಿಯರಿ’ ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಮರುದಿನದಿಂದ ಕೈಕೆಲಸ.

ಮೊದಲ ಕೈಕೆಲಸ ಕೇಬಲ್ ಕ್ರಿಂಪಿಂಗ್. ಎಂಟು ತಂತಿಗಳನ್ನು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಜೋಡಿಸಿ, ಸಮನಾಗಿ ಕತ್ತರಿಸಿ, ಆರ್‌ಜೆ-45 ಕನೆಕ್ಟರಿನೊಳಗೆ ನೂಕಿ, ಕ್ರಿಂಪಿಂಗ್ ಟೂಲಿನಿಂದ ಒತ್ತಬೇಕು. ಬಾಯಿಪಾಠ ಎಲ್ಲರಿಗೂ ಆಗುತ್ತಿತ್ತು. ಹಸಿರು ಜೋಡಿಯನ್ನು ಏಕೆ ಒಡೆದು ನೀಲಿಯ ಎರಡು ಕಡೆ ಇಡುತ್ತಾರೆ ಎಂದು ಕೇಳುವವರು ಕಡಿಮೆ. ತಂತಿಗಳನ್ನು ಜೋಡಿ ಜೋಡಿಯಾಗಿ ಹೆಣೆದಿರುವುದೇ ಒಂದರ ಸದ್ದು ಇನ್ನೊಂದಕ್ಕೆ ತಾಗದಿರಲಿ ಎಂದು. 100 ಮೆಗಾಬಿಟ್ ಈಥರ್‌ನೆಟ್ಟು 1-2 ಮತ್ತು 3-6ನೇ ಪಿನ್ನುಗಳನ್ನು ಬಳಸುತ್ತದೆ; ಆದ್ದರಿಂದ 3 ಮತ್ತು 6ಕ್ಕೆ ಒಂದೇ ಹೆಣಿಗೆಯ ಎರಡು ತಂತಿ ಬರಬೇಕು. ಒಬ್ಬ ಹುಡುಗ ನೋಡಲು ಚೆಂದವೆಂದು ಎರಡೂ ತುದಿಯಲ್ಲಿ ಬಣ್ಣಗಳನ್ನು ಜೋಡಿಜೋಡಿಯಾಗಿ ಸಾಲಿಗೆ ಇಟ್ಟಿದ್ದ. ಟೆಸ್ಟರಿನ ಎಂಟೂ ದೀಪ ಸರಿಯಾಗಿ ಹತ್ತಿದವು, ಫೈಲು ಮಾತ್ರ ಕಾಪಿಯಾಗಲಿಲ್ಲ. ಅರ್ಧ ದಿನ ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಬದಲಾಯಿಸಿ ಸುಸ್ತಾದ ಮೇಲೆ ಹಾಸ್ಟೆಲಿನ ರೂಮ್‌ಮೇಟು ಹೇಳಿದ ಮಾತು ಮುಂದೆ ಅವರೆಲ್ಲರ ವೃತ್ತಿಯ ಮೊದಲ ನಿಯಮವಾಯಿತು: ‘ಮೊದ್ಲ ವೈರ್ ನೋಡೋ ತಮ್ಮಾ, ಆಮ್ಯಾಲ ಕಮಾಂಡ್ ನೋಡು.’

ಆ ರೂಮ್‌ಮೇಟಿನ ಬಗ್ಗೆ ಇಲ್ಲಿ ಒಂದು ಮಾತು. ಪಕ್ಕದ ಎಸ್.ಆರ್. ನಗರದ ಹಾಸ್ಟೆಲುಗಳ ಪ್ರತಿ ಕೋಣೆಯಲ್ಲೂ ಅಂಥ ಒಬ್ಬ ಅಣ್ಣ ಇರುತ್ತಿದ್ದ. ಪರೀಕ್ಷೆ ಪಾಸಾಗಿ ಇನ್ನೂ ಕೆಲಸ ಸಿಗದವನು ಅಥವಾ ರಾತ್ರಿ ಪಾಳಿಯ ಕೆಲಸ ಸಿಕ್ಕರೂ ಕೋಣೆ ಬಿಡದವನು. ಭಾಲ್ಕಿ ಕಡೆಯ ಈ ಅಣ್ಣ ಊರಿಂದ ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದಾಗ ಕೋಣೆಯ ಪಾಠ ಶುರು. ಕರಿ ಪಾಯಿಂಟಿನಿಂದ ತಂದ ಪಲ್ಯದ ಪ್ಯಾಕೆಟ್ಟು ಬಿಡಿಸುತ್ತ, ಹಗಲು ಇಂಗ್ಲಿಷು ತೆಲುಗಿನಲ್ಲಿ ಕೇಳಿದ್ದನ್ನು ಬೀದರಿನ ಕನ್ನಡದಲ್ಲಿ ಮತ್ತೆ ಕೇಳುವುದು. ತರಗತಿಯಲ್ಲಿ ಬಾಯಿ ಬಿಡದ ಹುಡುಗರು ಅಲ್ಲಿ ಜಗಳಕ್ಕೆ ಬೀಳುತ್ತಿದ್ದರು. ವಿಷಯ ನಿಜವಾಗಿ ತಲೆಗೆ ಹೋದದ್ದು ಆ ಕೋಣೆಗಳಲ್ಲಿ ಎಂದು ಹೇಳುವವರು ಇಂದಿಗೂ ಬಹಳ ಮಂದಿ. ಆ ಅಣ್ಣಂದಿರಿಗೆ ಯಾರೂ ಫೀಸು ಕೊಟ್ಟಿರಲಿಲ್ಲ.

ಎರಡನೇ ಪದರದಲ್ಲಿ ಸ್ವಿಚ್ಚು. ಪ್ರತಿ ನೆಟ್‌ವರ್ಕ್ ಕಾರ್ಡಿಗೂ 48 ಬಿಟ್ಟಿನ ಮ್ಯಾಕ್ ವಿಳಾಸವಿರುತ್ತದೆ. ಯಾವ ವಿಳಾಸ ಯಾವ ಪೋರ್ಟಿನಿಂದ ಬಂತೆಂದು ಸ್ವಿಚ್ಚು ಗಮನಿಸಿ ಪಟ್ಟಿ ಮಾಡಿಕೊಳ್ಳುತ್ತದೆ, ಗೊತ್ತಿಲ್ಲದ ವಿಳಾಸಕ್ಕೆ ಉಳಿದ ಎಲ್ಲ ಪೋರ್ಟಿಗೂ ಕಳಿಸುತ್ತದೆ. ಐಪಿ ವಿಳಾಸ ಗೊತ್ತಿದ್ದು ಮ್ಯಾಕ್ ವಿಳಾಸ ಗೊತ್ತಿಲ್ಲದಿದ್ದಾಗ ‘ಈ ಐಪಿ ಯಾರದು’ ಎಂದು ಸುತ್ತಲಿನ ಎಲ್ಲರನ್ನೂ ಕೇಳುವುದು ಎಆರ್‌ಪಿ. ಇದು ಪುಸ್ತಕದಲ್ಲಿ ಅರ್ಧ ಪುಟ. ಇದರ ಬೆಲೆ ತಿಳಿದದ್ದು ಒಂದು ಸಣ್ಣ ವಿಚಿತ್ರದಿಂದ. ಎದುರಿನ ಯಂತ್ರ ಸಿಗುತ್ತದೆಯೇ ಎಂದು ನೋಡಲು ಸಿಸ್ಕೊ ರೌಟರಿನಲ್ಲಿ ಪಿಂಗ್ ಎಂದು ಹೊಡೆದರೆ ಐದು ಪ್ಯಾಕೆಟ್ ಹೋಗುತ್ತವೆ. ಉತ್ತರ ಬಂದದ್ದಕ್ಕೆ ಆಶ್ಚರ್ಯಸೂಚಕ ಚಿಹ್ನೆ, ಬಾರದ್ದಕ್ಕೆ ಚುಕ್ಕೆ. ಹೊಸದಾಗಿ ಜೋಡಿಸಿದ ನೆಟ್‌ವರ್ಕಿನಲ್ಲಿ ಮೊದಲ ಸಲ ಹೊಡೆದಾಗ ಸಾಮಾನ್ಯವಾಗಿ ಒಂದು ಚುಕ್ಕೆ, ಆಮೇಲೆ ನಾಲ್ಕು ಆಶ್ಚರ್ಯಸೂಚಕ. ‘ಮೊದಲನೆಯದು ಹಾಗೇ ಹೋಗುತ್ತದೆ, ಬಿಡಿ’ ಎಂಬುದು ಲ್ಯಾಬಿನ ಉತ್ತರವಾಗಿತ್ತು. ಮೊದಲ ಪ್ಯಾಕೆಟ್ಟು ಹೊರಡುವ ಹೊತ್ತಿಗೆ ಎಆರ್‌ಪಿ ಉತ್ತರ ಬಂದಿರುವುದಿಲ್ಲ, ಆದ್ದರಿಂದ ಅದು ಬಿದ್ದುಹೋಗುತ್ತದೆ ಎಂದು ಎಷ್ಟೋ ಮಂದಿಗೆ ತಿಳಿದದ್ದು ಕೆಲಸಕ್ಕೆ ಸೇರಿ ವರ್ಷಗಳಾದ ಮೇಲೆ. ಮೊದಲ ದಿನ ಥಿಯರಿ ಎಂದು ದಾಟಿಸಿದ್ದು ಆ ಒಂದು ಚುಕ್ಕೆಯಲ್ಲೇ ಕೂತಿತ್ತು.

ಅಮೀರ್‌ಪೇಟೆಯ ನಿಜವಾದ ಹೆಮ್ಮೆ ಸಬ್‌ನೆಟ್ಟಿಂಗ್. ಐಪಿ ನಾಲ್ಕನೇ ಆವೃತ್ತಿಯ ವಿಳಾಸ 32 ಬಿಟ್ಟುಗಳದು. ಓದಲು ಅನುಕೂಲವಾಗಲೆಂದು ಎಂಟೆಂಟು ಬಿಟ್ಟಿನ ನಾಲ್ಕು ತುಂಡು ಮಾಡಿ, ನಡುವೆ ಚುಕ್ಕಿ ಇಟ್ಟು ದಶಮಾನದಲ್ಲಿ ಬರೆಯುತ್ತಾರೆ. ಅದರ ಎಡಭಾಗ ನೆಟ್‌ವರ್ಕಿನದು, ಬಲಭಾಗ ಯಂತ್ರದ್ದು. ಗೆರೆ ಎಲ್ಲಿ ಬೀಳುತ್ತದೆ ಎಂದು ಹೇಳುವುದು ಮಾಸ್ಕ್. 192.168.1.0 ಎಂಬ ನೆಟ್‌ವರ್ಕಿಗೆ 26 ಬಿಟ್ಟಿನ ಮಾಸ್ಕ್ ಹಾಕಿದರೆ, ಅಂದರೆ 255.255.255.192, ಅದು 0, 64, 128, 192ರಿಂದ ಶುರುವಾಗುವ ನಾಲ್ಕು ತುಂಡುಗಳಾಗುತ್ತದೆ. ಪ್ರತಿ ತುಂಡಿನಲ್ಲಿ 64 ವಿಳಾಸ. ಮೊದಲನೆಯದು ನೆಟ್‌ವರ್ಕಿನ ಹೆಸರು, ಕೊನೆಯದು ಬ್ರಾಡ್‌ಕಾಸ್ಟ್, ಯಂತ್ರಗಳಿಗೆ ಉಳಿಯುವುದು 62. ರಾಯಚೂರಿನಿಂದ ಬಂದಿದ್ದ ಒಬ್ಬ ಹುಡುಗಿ ಇಂಥ ಲೆಕ್ಕವನ್ನು ಕಾಗದ ಮುಟ್ಟದೆ ಹೇಳುತ್ತಿದ್ದಳು. ಮನೆಯಲ್ಲಿ ಮಗ್ಗಿ ಒಪ್ಪಿಸಿ ಬೆಳೆದವಳು. 64, 128, 192, 256 ಅವಳಿಗೆ ಇನ್ನೊಂದು ಮಗ್ಗಿ ಅಷ್ಟೆ. ಹಿಂದಿನ ಸಾಲಿನ ಹುಡುಗರು ಅವಳನ್ನು ಅಕ್ಕಾ ಎಂದು ಕರೆದು ನೋಟ್‌ಬುಕ್ಕು ಕೇಳುತ್ತಿದ್ದರು; ಅದು ಜೆರಾಕ್ಸ್ ಅಂಗಡಿಗೆ ಹೋಗಿ ಎಷ್ಟು ಪ್ರತಿಯಾಯಿತೋ ಯಾರಿಗೂ ಗೊತ್ತಿಲ್ಲ.

ಲೆಕ್ಕ ಬಂದರೂ ಅದರ ಅರ್ಥ ತಿಳಿಯಲು ಒಂದು ಕೆಟ್ಟ ಸಂಜೆ ಬೇಕಾಯಿತು. ಒಂದೇ ಮೇಜಿನ ಮೇಲೆ ಎರಡು ಕಂಪ್ಯೂಟರು, ಒಂದೇ ಸ್ವಿಚ್ಚು, ಕೇಬಲ್ ಸರಿ, ದೀಪ ಹಸಿರು. ಒಂದರ ವಿಳಾಸ 192.168.1.60, ಇನ್ನೊಂದರದು 192.168.1.70, ಎರಡಕ್ಕೂ ಮಾಸ್ಕ್ 26. ‘ಅಣ್ಣಾ, ಪಿಂಗ್ ಹೋಗವಲ್ತು’ ಎಂಬ ದೂರು ಎರಡು ತಾಸು ನಡೆಯಿತು. 60 ಮೊದಲ ತುಂಡಿನಲ್ಲಿದೆ, 70 ಎರಡನೆಯದರಲ್ಲಿ. ನಡುವೆ ರೌಟರಿಲ್ಲದೆ ಪಕ್ಕಪಕ್ಕದ ಈ ಎರಡು ಪೆಟ್ಟಿಗೆಗಳು ಮಾತಾಡಲಾರವು. ಯಂತ್ರ ತನ್ನ ವಿಳಾಸವನ್ನೂ ಎದುರಿನ ವಿಳಾಸವನ್ನೂ ಮಾಸ್ಕಿನ ಜೊತೆ ತಾಳೆ ನೋಡಿ, ಎದುರಿನವನು ತನ್ನ ನೆಟ್‌ವರ್ಕಿನವನೇ ಹೌದೇ ಅಲ್ಲವೇ ಎಂದು ತೀರ್ಮಾನಿಸುತ್ತದೆ. ತಂತಿ ಎಷ್ಟು ಉದ್ದ ಎಂಬುದು ಆ ತೀರ್ಮಾನದಲ್ಲಿ ಬರುವುದೇ ಇಲ್ಲ. ಭೌತಿಕ ಪದರ, ನೆಟ್‌ವರ್ಕ್ ಪದರ ಬೇರೆ ಬೇರೆ ಎಂಬ ಮೊದಲ ದಿನದ ಮಾತು ಆ ಮೇಜಿನ ಮೇಲೆ ಕಣ್ಣಿಗೆ ಕಂಡಿತು.

ಇದೇ ಪಾಠದಲ್ಲಿ ಒಂದು ದೊಡ್ಡ ದೋಷವೂ ಇತ್ತು. ವಿಳಾಸಗಳನ್ನು ಎ, ಬಿ, ಸಿ ಎಂಬ ವರ್ಗಗಳಾಗಿ ಹಂಚುವ ಪದ್ಧತಿಯನ್ನು ಇಂಟರ್‌ನೆಟ್ಟು 1993ರಲ್ಲೇ ಕೈಬಿಟ್ಟಿತ್ತು. ವಿಳಾಸಗಳು ವ್ಯರ್ಥವಾಗುತ್ತಿದ್ದವು, ರೌಟರುಗಳ ಪಟ್ಟಿ ಉದ್ದವಾಗುತ್ತಿತ್ತು. ಆದ್ದರಿಂದ ಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಬಹುದಾದ ವರ್ಗರಹಿತ ಪದ್ಧತಿ ಬಂತು. ಅಮೀರ್‌ಪೇಟೆ ಮಾತ್ರವಲ್ಲ, ಕಾಲೇಜುಗಳೂ ಅದಾಗಿ ಹದಿನೈದು ಇಪ್ಪತ್ತು ವರ್ಷ ಆ ವರ್ಗಗಳ ಕೋಷ್ಟಕವನ್ನೇ ಮೊದಲು ಬಾಯಿಪಾಠ ಮಾಡಿಸಿದವು. ಪರೀಕ್ಷೆಯಲ್ಲಿ ಕೇಳುತ್ತಿದ್ದರು ಎಂಬುದು ಕಾರಣ. ಸತ್ತ ಪದ್ಧತಿಯನ್ನು ಜೀವಂತವೆಂದು ಕಲಿಸಿದ್ದು ಸರಿಯಲ್ಲ. ಇತಿಹಾಸವೆಂದು ಕಲಿಸಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು ಮತ್ತು ಮಾಸ್ಕ್ ಏಕೆ ಬೇಕಾಯಿತೆಂಬುದೂ ತಿಳಿಯುತ್ತಿತ್ತು.

ನಂತರ ರ‍್ಯಾಕಿನ ಸರದಿ. ಕನ್ಸೋಲ್ ಕೇಬಲ್ ಚುಚ್ಚಿ, ಹೈಪರ್‌ಟರ್ಮಿನಲ್ ತೆರೆದು, ‘ಎನೇಬಲ್’, ‘ಕಾನ್ಫಿಗ್ ಟಿ’ ಎಂದು ಹೊಡೆದಾಗ ಬೆರಳಿಗೆ ಬರುವ ಹುಮ್ಮಸ್ಸು ಮರೆಯುವಂಥದ್ದಲ್ಲ. ಪಾಳಿ ಹಚ್ಚಿ ಕೂರಬೇಕಿತ್ತು. ಹಗಲು ಸಿಗದವರು ರಾತ್ರಿ ಹನ್ನೊಂದರ ಸ್ಲಾಟಿಗೆ ಹೆಸರು ಬರೆಸುತ್ತಿದ್ದರು. ರೌಟರಿನ ಇಂಟರ್‌ಫೇಸುಗಳು ಹುಟ್ಟಿನಿಂದ ಮುಚ್ಚಿರುತ್ತವೆ, ‘ನೋ ಷಟ್‌ಡೌನ್’ ಕೊಡದೆ ತೆರೆಯುವುದಿಲ್ಲ. ಸೀರಿಯಲ್ ಕೇಬಲ್ಲಿನ ಡಿಸಿಇ ತುದಿಯಲ್ಲಿ ‘ಕ್ಲಾಕ್ ರೇಟ್ 64000’ ಕೊಡದಿದ್ದರೆ ಲೈನು ಏಳುವುದಿಲ್ಲ. ಇವೆರಡನ್ನು ಮರೆಯದವರೇ ಇಲ್ಲ.

ಆದರೆ ರೌಟಿಂಗಿನ ತಿರುಳು ಕಮಾಂಡಿನಲ್ಲಿರಲಿಲ್ಲ. ರೌಟರಿಗೆ ಇಡೀ ದಾರಿ ಗೊತ್ತಿರುವುದಿಲ್ಲ, ಮುಂದಿನ ಒಂದು ನೆಗೆತ ಮಾತ್ರ ಗೊತ್ತಿರುತ್ತದೆ. ಕೋಣೆಯ ಅಣ್ಣ ಇದನ್ನು ಆಳಂದ ಕಡೆಯಿಂದ ಬರುವವರ ಪ್ರಯಾಣದಿಂದ ಹೇಳಿಕೊಟ್ಟ: ಆಳಂದದ ಹಳ್ಳಿಯ ಬಸ್ಸಿನ ಕಂಡಕ್ಟರಿಗೆ ಎಸ್.ಆರ್. ನಗರ ಎಲ್ಲಿದೆಯೋ ಗೊತ್ತಿಲ್ಲ, ಕಲಬುರಗಿ ಸ್ಟ್ಯಾಂಡಿಗೆ ಬಿಡುತ್ತಾನೆ. ಅಲ್ಲಿಂದ ರೈಲು ಬೇಗಂಪೇಟೆಗೆ ತರುತ್ತದೆ. ಬೇಗಂಪೇಟೆಯ ಆಟೊದವನಿಗೆ ಆಳಂದ ಗೊತ್ತಿಲ್ಲ, ಅಮೀರ್‌ಪೇಟೆ ಗೊತ್ತು. ಪ್ಯಾಕೆಟ್ಟೂ ಹೀಗೇ ಕೈ ಬದಲಾಯಿಸುತ್ತ ಹೋಗುತ್ತದೆ. ಪ್ರತಿ ರೌಟರು ತನ್ನ ಪಟ್ಟಿಯಲ್ಲಿ ಗಮ್ಯದ ವಿಳಾಸಕ್ಕೆ ಅತಿ ಹೆಚ್ಚು ಬಿಟ್ಟು ಹೊಂದುವ ಸಾಲನ್ನು ಆರಿಸುತ್ತದೆ. ಯಾವುದೂ ಹೊಂದದಿದ್ದರೆ ಡಿಫಾಲ್ಟ್ ರೂಟಿಗೆ ತಳ್ಳುತ್ತದೆ. ಆ ಪಟ್ಟಿಯನ್ನು ಕೈಯಾರೆ ಬರೆದರೆ ಸ್ಟ್ಯಾಟಿಕ್. ರೌಟರುಗಳು ತಾವೇ ಮಾತಾಡಿಕೊಂಡು ಬರೆದುಕೊಂಡರೆ ರಿಪ್, ಓಎಸ್‌ಪಿಎಫ್ ಮುಂತಾದವು. ರಿಪ್ 30 ಸೆಕೆಂಡಿಗೊಮ್ಮೆ ಪಟ್ಟಿ ಹಂಚುತ್ತದೆ, 15 ನೆಗೆತಕ್ಕಿಂತ ದೂರದ್ದನ್ನು ಸಿಗದ ಜಾಗವೆಂದೇ ಎಣಿಸುತ್ತದೆ. ದೂರು ಬರುತ್ತಿದ್ದದ್ದು ಬಹುತೇಕ ಒಂದೇ ಬಗೆಯದು: ಹೋಗುವ ದಾರಿ ಬರೆದು, ಬರುವ ದಾರಿ ಬರೆಯದೆ ಬಿಟ್ಟದ್ದು. ಪಿಂಗ್ ಹೋಗಿ ಮುಟ್ಟುತ್ತದೆ, ಉತ್ತರಕ್ಕೆ ಮರಳಿ ಬರಲು ದಾರಿಯಿಲ್ಲ.

ನಾಲ್ಕನೇ ಪದರದ ಟಿಸಿಪಿಗೆ ಅಲ್ಲಿ ಸಿಕ್ಕ ಸಮಯ ತೀರ ಕಡಿಮೆ. ಸಿನ್, ಸಿನ್-ಆ್ಯಕ್, ಆ್ಯಕ್ ಎಂಬ ಮೂರು ಹೆಜ್ಜೆಯ ಕೈಕುಲುಕು, ಪೋರ್ಟ್ ಸಂಖ್ಯೆಗಳ ಪಟ್ಟಿ, ಅಲ್ಲಿಗೆ ಮುಗಿಯಿತು. ರೌಟರಿಗೆ ಟಿಸಿಪಿಯ ಗೊಡವೆಯಿಲ್ಲ, ಪರೀಕ್ಷೆಯಲ್ಲಿ ಅಂಕವೂ ಕಡಿಮೆ. ಇಂಟರ್‌ನೆಟ್ಟಿನ ಬುದ್ಧಿವಂತಿಕೆಯ ದೊಡ್ಡ ಪಾಲು ಮಾತ್ರ ಇರುವುದು ಇಲ್ಲೇ. ಐಪಿ ಪ್ಯಾಕೆಟ್ಟು ಕಳೆದುಹೋಗಬಹುದು, ಹಿಂದೆಮುಂದೆ ಬರಬಹುದು, ಎರಡು ಸಲ ಬರಬಹುದು, ಯಾವುದಕ್ಕೂ ಖಾತ್ರಿಯಿಲ್ಲ. ಪ್ರತಿ ಬೈಟಿಗೂ ಸಂಖ್ಯೆ ಕೊಟ್ಟು, ಬಂದದ್ದಕ್ಕೆ ರಸೀದಿ ಕೇಳಿ, ಬಾರದ್ದನ್ನು ಮತ್ತೆ ಕಳಿಸಿ, ಆ ಭರವಸೆಯಿಲ್ಲದ ಸಾಗಾಟದ ಮೇಲೆ ಭರವಸೆಯ ಸಾಗಾಟ ಕಟ್ಟುವುದು ಟಿಸಿಪಿ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯ ಮತ್ತು ಬರ್ಕ್‌ಲಿ ವಿಶ್ವವಿದ್ಯಾಲಯದ ನಡುವೆ, ಕೇವಲ 400 ಗಜ ದೂರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್ ಹರಿಯುತ್ತಿದ್ದದ್ದು 40 ಬಿಟ್ಟಿಗೆ ಕುಸಿಯಿತು. ದಟ್ಟಣೆ ಹೆಚ್ಚಾಗಿ ಪ್ಯಾಕೆಟ್ಟು ಬೀಳುತ್ತವೆ, ಬಿದ್ದದ್ದನ್ನು ಎಲ್ಲರೂ ಮತ್ತೆ ಕಳಿಸುತ್ತಾರೆ, ದಟ್ಟಣೆ ಇನ್ನೂ ಏರುತ್ತದೆ. ವ್ಯಾನ್ ಜೇಕಬ್‌ಸನ್ ಇದಕ್ಕೆ ಕಂಡುಹಿಡಿದ ಉಪಾಯ ಕಳಿಸುವವರೇ ತಮ್ಮನ್ನು ತಡೆದುಕೊಳ್ಳುವುದು: ನಿಧಾನವಾಗಿ ಶುರುಮಾಡಿ, ರಸೀದಿ ಬಂದಂತೆ ಹೆಚ್ಚಿಸಿ, ನಷ್ಟ ಕಂಡ ಕೂಡಲೇ ಇಳಿಸುವುದು. ಮೇಲೆ ಕೂತು ನಿಯಂತ್ರಿಸುವ ಅಧಿಕಾರಿಯಿಲ್ಲದೆ ಕೋಟ್ಯಂತರ ಯಂತ್ರಗಳು ಹೀಗೆ ಹೊಂದಿಕೊಂಡು ಹೋಗುತ್ತಿವೆ. ಈ ಕತೆಯನ್ನು ಇಪ್ಪತ್ತೆರಡು ವರ್ಷದ ಹುಡುಗರಿಗೆ ಹೇಳದೆ ಬಿಟ್ಟದ್ದು ದೊಡ್ಡ ನಷ್ಟ. ಮುಂದೆ ಈಥೀರಿಯಲ್, 2006ರ ನಂತರ ವೈರ್‌ಷಾರ್ಕ್ ಎಂದು ಹೆಸರಾದ ತಂತ್ರಾಂಶದಲ್ಲಿ ಒಂದೊಂದೇ ಪ್ಯಾಕೆಟ್ಟು ಬಿಚ್ಚಿ ನೋಡಿದವರಿಗೆ ಇದು ತಾನಾಗಿ ತಿಳಿಯಿತು. ಆ ತಂತ್ರಾಂಶ ಅಂದೂ ಉಚಿತವಾಗಿತ್ತು, ತೋರಿಸುವವರಿರಲಿಲ್ಲ.

ಮೇಲಿನ ಪದರಗಳ ಪಾಠ ಆದದ್ದು ಸೈಬರ್ ಕೆಫೆಗಳಲ್ಲಿ. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ಟು ಕೊಡಲಾರಂಭಿಸಿತು. 1998ರ ಕೊನೆಗೆ ಖಾಸಗಿ ಕಂಪನಿಗಳಿಗೂ ಅವಕಾಶವಾಗಿ, ಕೆಲವೇ ವರ್ಷಗಳಲ್ಲಿ ಅಮೀರ್‌ಪೇಟೆಯ ಗಲ್ಲಿಗೊಂದು ಕೆಫೆ ಎದ್ದಿತ್ತು. ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್ಎಸ್, ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದ್ದು, ಅಲ್ಲಿ ಕೆಟ್ಟಾಗಲೇ ಎಲ್ಲರಿಗೂ ಅರ್ಥವಾಗುತ್ತಿತ್ತು: ಸಂಖ್ಯೆ ಹೊಡೆದರೆ ಪುಟ ಬರುತ್ತದೆ, ಹೆಸರು ಹೊಡೆದರೆ ಬರುವುದಿಲ್ಲ.

ಕನ್ನಡದವರಿಗೆ ಅಲ್ಲಿ ಇನ್ನೊಂದು ಪಾಠವಿತ್ತು, ತೆಲುಗಿನವರಿಗೂ ಅಷ್ಟೇ. ಭಾನುವಾರ ಊರಿನ ಸುದ್ದಿ ಓದಲು ಕನ್ನಡ ಪತ್ರಿಕೆಯ ಪುಟ ತೆರೆದರೆ ಪರದೆಯ ತುಂಬ ಟೋಪಿ ಹಾಕಿದ, ಕೊಂಬು ಮೂಡಿದ ರೋಮನ್ ಅಕ್ಷರಗಳು. ನೆಟ್ಟು ಕೆಟ್ಟಿದೆ ಎಂದು ಕೆಫೆಯವನನ್ನು ಬೈಯುತ್ತಿದ್ದರು. ನೆಟ್ಟು ಕೆಟ್ಟಿರಲಿಲ್ಲ. ಟಿಸಿಪಿ ಒಂದು ಬೈಟನ್ನೂ ಕಳೆಯದೆ ಅಷ್ಟನ್ನೂ ಕ್ರಮವಾಗಿ ತಂದೊಪ್ಪಿಸಿತ್ತು. ಆ ಪತ್ರಿಕೆ ತನ್ನದೇ ಫಾಂಟಿನ ಸಂಕೇತಗಳಲ್ಲಿ ಬರೆದಿತ್ತು. ಆ ಫಾಂಟು ಕೆಫೆಯ ಕಂಪ್ಯೂಟರಿನಲ್ಲಿರಲಿಲ್ಲ. ಬ್ರೌಸರು ಅದೇ ಸಂಕೇತಗಳನ್ನು ರೋಮನ್ ಎಂದು ಓದುತ್ತಿತ್ತು. ಕೆಳಗಿನ ಎಲ್ಲ ಪದರಗಳೂ ಸರಿಯಿದ್ದು ಮೇಲೆ ಒಪ್ಪಂದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಸಿಗದು, ಅದೂ ತಾಯ್ನುಡಿಯಲ್ಲಿ.

ಯೂನಿಕೋಡ್ ಬಂದು ಈ ಒಪ್ಪಂದ ಒಂದಾಯಿತು. ಅದರಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳ ಸಾಲಿದೆ, ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟು. ‘ಕನ್ನಡ’ ಎಂದು ಬರೆದರೆ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತ, 15 ಬೈಟು. ಈಥರ್‌ನೆಟ್ಟಿನ ಒಂದು ಚೌಕಟ್ಟಿನಲ್ಲಿ ಹಿಡಿಯುವುದು 1500 ಬೈಟು. ಐಪಿ ಮತ್ತು ಟಿಸಿಪಿ ತಲೆಬರಹಕ್ಕೆ ಇಪ್ಪತ್ತಿಪ್ಪತ್ತು ಕಳೆದರೆ 1460. ಹಾಗಾಗಿ ಒಂದು ಪ್ಯಾಕೆಟ್ಟಿನಲ್ಲಿ ಕನ್ನಡದ 486 ಸಂಕೇತ ಹೋಗಬಹುದು. ಮನೆಗೆ ಬರೆಯುವ ಸಣ್ಣ ಪತ್ರಕ್ಕೆ ಎರಡು ಮೂರು ಪ್ಯಾಕೆಟ್ಟು ಸಾಕು. ಕಲಿಯುವವರಿಗೆ ಪದರಗಳನ್ನು ಈ ಲೆಕ್ಕದಿಂದ ಶುರುಮಾಡಿ ತೋರಿಸಿದ್ದರೆ ಕೆಳಗಿನಿಂದ ಮೇಲೆ ಎಲ್ಲವೂ ಒಂದೇ ಎಳೆಯಲ್ಲಿ ಬರುತ್ತಿತ್ತು.

ಕೋರ್ಸಿನ ಕೊನೆಯ ವಾರ ಪರೀಕ್ಷೆಯದು, ಅದರ ನೆನಪು ಹಿತವಾದದ್ದಲ್ಲ. ‘ಡಂಪ್ಸ್’ ಎಂದು ಕರೆಯುತ್ತಿದ್ದ ಪ್ರಶ್ನೋತ್ತರದ ಕಟ್ಟು ಜೆರಾಕ್ಸ್ ಅಂಗಡಿಗಳಲ್ಲಿ ಸಿಗುತ್ತಿತ್ತು. ಉರು ಹೊಡೆದವರು ಪಾಸಾಗುತ್ತಿದ್ದರು, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೆ ನಿಲ್ಲುತ್ತಿದ್ದರು. ಇದು ಮೋಸ ಎಂದು ಬಹಳ ಮಂದಿಗೆ ಗೊತ್ತಿತ್ತು. ಆದರೆ ಪರೀಕ್ಷಾ ಶುಲ್ಕ ಡಾಲರಿನಲ್ಲಿ, ಸೋತರೆ ಮತ್ತೆ ಕಟ್ಟಲು ಮನೆಯಲ್ಲಿ ಕೇಳುವ ಧೈರ್ಯವಿಲ್ಲ. ಆ ಭಯವನ್ನು ಮರೆತು ಈಗ ತೀರ್ಪು ಹೇಳುವುದು ಸುಲಭ. ಆದರೂ ತೀರ್ಪು ಹೇಳಲೇಬೇಕು. ಡಂಪ್ಸಿನಿಂದ ಪಾಸಾದವರ ದೆಸೆಯಿಂದ ಕಷ್ಟಪಟ್ಟು ಕಲಿತವರ ಪ್ರಮಾಣಪತ್ರದ ಬೆಲೆಯೂ ಕುಸಿಯಿತು. ರಾಯಚೂರಿನ ಆ ಹುಡುಗಿಯಂಥವರು ಇದರಿಂದ ಹೆಚ್ಚು ನೊಂದರು, 2008-09ರ ಹಿಂಜರಿತದಲ್ಲಿ ಕೆಲಸಗಳೇ ಇಲ್ಲದಾದಾಗ ಇನ್ನಷ್ಟು.

ಪರೀಕ್ಷೆಯ ಸಂಖ್ಯೆ 640-407ರಿಂದ 507, 607, 801, 802 ಎಂದು ಬದಲಾಗುತ್ತ, 2013ರಲ್ಲಿ 200-120, 2016ರಲ್ಲಿ 200-125, 2020ರ ಫೆಬ್ರವರಿಯಲ್ಲಿ 200-301 ಆಯಿತು. ಪ್ರತಿ ಬದಲಾವಣೆಯಲ್ಲೂ ಏನೋ ಉದುರಿತು. ಐಎಸ್‌ಡಿಎನ್ ಹೋಯಿತು. ಐಜಿಆರ್‌ಪಿ ಹೋಯಿತು. ವಾರಗಟ್ಟಲೆ ಕಲಿಸುತ್ತಿದ್ದ ಫ್ರೇಮ್ ರಿಲೇಯೂ ಹೋಯಿತು. ರಾತ್ರಿ ಹನ್ನೊಂದರ ಸ್ಲಾಟಿನಲ್ಲಿ ಕಲಿತ ಎಷ್ಟೋ ಕಮಾಂಡುಗಳು ಇಂದು ಬಳಕೆಯಲ್ಲಿಲ್ಲ. ಉಳಿದದ್ದು ಥಿಯರಿ ಎಂದು ಒಂದೇ ದಿನದಲ್ಲಿ ದಾಟಿಸಿದ ಭಾಗ: ಪದರಗಳು, ಬೈನರಿ, ಮಾಸ್ಕಿನ ಗೆರೆ, ಮುಂದಿನ ನೆಗೆತದ ತತ್ವ, ಟಿಸಿಪಿಯ ರಸೀದಿ. ಕ್ಲೌಡಿನಲ್ಲಿ ವರ್ಚುಯಲ್ ನೆಟ್‌ವರ್ಕ್ ಕಟ್ಟುವವರು ಮೊದಲು ಕೊಡಬೇಕಾದದ್ದು ಒಂದು ವಿಳಾಸ ಮತ್ತು ಮಾಸ್ಕಿನ ಉದ್ದ. ಅದನ್ನು ತಪ್ಪಾಗಿ ಕೊಟ್ಟರೆ ಆ ಮೇಜಿನ ಮೇಲಿನ 60 ಮತ್ತು 70ರ ತೊಂದರೆಯೇ ಎದುರಾಗುತ್ತದೆ.

ಇಂಟರ್‌ನೆಟ್ಟು ಕೂಡ ಅಲ್ಲಿಂದ ಬಹಳ ಮುಂದೆ ಬಂದಿದೆ. 32 ಬಿಟ್ಟಿನಲ್ಲಿ ಆಗುವುದು 429 ಕೋಟಿ ಚಿಲ್ಲರೆ ವಿಳಾಸ. ಅದರ ಕೇಂದ್ರ ಭಂಡಾರ 2011ರ ಫೆಬ್ರವರಿ 3ರಂದು ಬರಿದಾಯಿತು. ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಯಂತ್ರಗಳು ಹಂಚಿಕೊಳ್ಳುವ ನ್ಯಾಟ್‌ ಉಪಾಯದಿಂದ ಕೆಲಸ ಸಾಗಿತು. 128 ಬಿಟ್ಟಿನ ಆರನೇ ಆವೃತ್ತಿಯನ್ನು ಅಮೀರ್‌ಪೇಟೆಯಲ್ಲಿ ಕೊನೆಯ ದಿನ, ‘ಮುಂದೆ ಬರುತ್ತದೆ’ ಎಂದು ಹೇಳಿ ಮುಗಿಸುತ್ತಿದ್ದರು. ಅದು ಬಂತು. 2016ರ ಸೆಪ್ಟೆಂಬರಿನಲ್ಲಿ ಶುರುವಾದ ಜಿಯೊ ತನ್ನ 4ಜಿ ಜಾಲವನ್ನು ಅದರ ಮೇಲೆ ನಡೆಸಿದ್ದರಿಂದ ಆರನೇ ಆವೃತ್ತಿಯ ಬಳಕೆಯಲ್ಲಿ ಭಾರತ ಇಂದು ಜಗತ್ತಿನ ಮುಂಚೂಣಿಯಲ್ಲಿದೆ. 2021ರಲ್ಲಿ ಕ್ವಿಕ್ ಎಂಬ ಹೊಸ ಪ್ರೊಟೊಕಾಲು ಮಾನ್ಯವಾಗಿ, ವೆಬ್ಬಿನ ದೊಡ್ಡ ಪಾಲು ಟಿಸಿಪಿಯಿಂದ, ರಸೀದಿ ಕೇಳದ ಯುಡಿಪಿಯ ಮೇಲಕ್ಕೆ ಸರಿಯುತ್ತಿದೆ. ರಸೀದಿ, ಬಾರದ್ದನ್ನು ಮತ್ತೆ ಕಳಿಸುವುದು, ದಟ್ಟಣೆ ಕಂಡು ಇಳಿಯುವುದು, ಎಲ್ಲವನ್ನೂ ಕ್ವಿಕ್ ತನ್ನೊಳಗೆ ಮತ್ತೆ ಕಟ್ಟಿಕೊಂಡಿದೆ.

ಅಮೀರ್‌ಪೇಟೆಗೆ 2017ರ ನವೆಂಬರಿನಲ್ಲಿ ಮೆಟ್ರೊ ಬಂತು, ಈಗ ಅದು ಎರಡು ಮಾರ್ಗಗಳು ಕೂಡುವ ನಿಲ್ದಾಣ. ರ‍್ಯಾಕುಗಳು ಅದಕ್ಕೆ ಮೊದಲೇ ಕರಗತೊಡಗಿದ್ದವು. ಪ್ಯಾಕೆಟ್ ಟ್ರೇಸರ್, ಜಿಎನ್ಎಸ್3 ಬಂದ ಮೇಲೆ ಹತ್ತು ರೌಟರುಗಳ ಜಾಲ ಲ್ಯಾಪ್‌ಟಾಪಿನೊಳಗೇ ಓಡತೊಡಗಿತು. 2020ರ ಕೋವಿಡ್ ಕಾಲದಲ್ಲಿ ತರಗತಿಗಳೇ ಆನ್‌ಲೈನ್ ಆದವು. ಇದರಿಂದ ಲಾಭವಾದದ್ದು ನಿಜ. ಬೀದರಿನಲ್ಲಿ ಕೂತವರು ಬೀದರಿನಲ್ಲೇ ಕಲಿಯಬಹುದು, ತೊಗರಿಯ ದುಡ್ಡು ಹಾಸ್ಟೆಲಿಗೆ ಸುರಿಯಬೇಕಿಲ್ಲ, ಹೆಣ್ಣುಮಕ್ಕಳನ್ನು ದೂರದ ಊರಿಗೆ ಕಳಿಸಲು ಹೆದರುವ ಮನೆಗಳಲ್ಲೂ ಕಲಿಕೆ ನಿಲ್ಲುವುದಿಲ್ಲ. ಹೋದದ್ದು ಕೋಣೆಯ ಅಣ್ಣ. ಸಿಮ್ಯುಲೇಟರಿನ ತಂತಿ ಸಡಿಲಾಗುವುದಿಲ್ಲ, ಅದರ ಬಣ್ಣ ಅದಲುಬದಲಾಗುವುದಿಲ್ಲ. ಕೆಟ್ಟದ್ದನ್ನು ಕೂಡಿ ಕೂತು ಹುಡುಕುವ ಅಭ್ಯಾಸಕ್ಕೆ ಬೇರೆ ವ್ಯವಸ್ಥೆ ಇನ್ನೂ ಆಗಿಲ್ಲ. ಇಂದು ಕಲಿಯಲು ಹೊರಟವರು ಎರಡು ಹಳೆಯ ಕಂಪ್ಯೂಟರು, ಒಂದು ಅಗ್ಗದ ಸ್ವಿಚ್ಚು, ಒಂದು ಕ್ರಿಂಪಿಂಗ್ ಟೂಲು ಕೊಂಡು, ವೈರ್‌ಷಾರ್ಕ್ ತೆರೆದಿಟ್ಟು, ಜೊತೆಗೆ ಒಬ್ಬರನ್ನಾದರೂ ಕೂರಿಸಿಕೊಂಡು ಶುರುಮಾಡುವುದು ಒಳ್ಳೆಯದು. ಮೂಲ ದಾಖಲೆಗಳು ಎಲ್ಲರಿಗೂ ಉಚಿತ. ಟಿಸಿಪಿಯ 793ನೇ ದಾಖಲೆಯ ಜಾಗಕ್ಕೆ 2022ರಲ್ಲಿ 9293 ಬಂದಿದೆ, ಮೂರು ಹೆಜ್ಜೆಯ ಕೈಕುಲುಕು ಅದರಲ್ಲೂ ಹಾಗೇ ಇದೆ. ಐಪಿಯ 791 ಸಣ್ಣ ತಿದ್ದುಪಡಿಗಳೊಂದಿಗೆ ಇಂದಿಗೂ ಜಾರಿಯಲ್ಲಿದೆ. ಓದುವುದನ್ನು ಅದರಿಂದ ಆರಂಭಿಸಬಹುದು.